ಕಣದ ಅಂಚಿನ ಚಪ್ಪಲಿಗಳು

ಕಾಫಿ ಹಣ್ಣಿನ ಸಿಪ್ಪೆ ಗುಂಡಿಯಲ್ಲಿ ಕೊಳೆಯತೊಡಗಿದಾಗ ಒಂದು ವಾಸನೆ ಬರುತ್ತದೆ. ಮೊದಲು ಹುಳಿ, ಅದರ ಹಿಂದೆ ಬೆಲ್ಲದಂಥ ಸಿಹಿ. ಕೊಯ್ಲಿನ ಕಾಲದಲ್ಲಿ ಕೊಟ್ಟಿಗೆಹಾರದಿಂದ ಕಳಸದ ಕಡೆ ಹೋಗುವ ಬಸ್ಸು ಹತ್ತಿದರೆ ಅದು ತಿರುವು ತಿರುವಿಗೂ ಕಿಟಕಿಯಿಂದ ಒಳಗೆ ಬರುತ್ತದೆ. ಇಲ್ಲಿನವರು ಯಾರೂ ಅದಕ್ಕೆ ಮೂಗು ಮುಚ್ಚಿಕೊಳ್ಳುವುದಿಲ್ಲ. ಮೊನ್ನೆ ಒಂದು ಎಸ್ಟೇಟಿನಿಂದ ಕರೆ ಬಂತು. ಅಲ್ಲಿ ಹೊಸದಾಗಿ ಶುರುವಾದ ಹೋಂಸ್ಟೇ ಕೆಲಸದವರಿಗೆ ಯೂನಿಫಾರಂ ಹೊಲಿಯಬೇಕು, ಅಳತೆ ತೆಗೆದುಕೊಳ್ಳಲು ಬನ್ನಿ ಎಂದರು. ಗೇಟಿನ ಬಳಿ ಬಸ್ಸಿಳಿದವನು ಆ ವಾಸನೆಗೆ ಅಲ್ಲೇ ನಿಂತುಬಿಟ್ಟೆ. ಆ ಗೇಟು ದಾಟಿ ನಾಲ್ಕು ವರ್ಷವಾಗಿತ್ತು.

ಎಸ್ಟೇಟಿನ ಹೆಸರು ಬರೆಯುವುದಿಲ್ಲ. ಅಲ್ಲಿನವರು ಇನ್ನೂ ಅಲ್ಲೇ ಬದುಕಬೇಕು.

ನನ್ನದು ಕೊಟ್ಟಿಗೆಹಾರದಲ್ಲಿ ಹೊಲಿಗೆ ಅಂಗಡಿ. ಆ ವರ್ಷ ಕೊಯ್ಲು ಜೋರಾಗಿದ್ದಾಗ ಬೆಂಗಳೂರಿನಿಂದ ಒಂದು ತಂಡ ಬಂದು ಆ ಎಸ್ಟೇಟಿನಲ್ಲಿ ಬೀಡುಬಿಟ್ಟಿತು. ಸಿನಿಮಾ ಅಲ್ಲ, ಮೊಬೈಲಿನಲ್ಲಿ ಕಂತು ಕಂತಾಗಿ ನೋಡುವ ಸೀರೀಸು. ಕಥೆ ಹಳೆಯ ಕಾಲದ್ದು. ತೋಟದ ಕೂಲಿಯವರು ಮಾಲೀಕನ ವಿರುದ್ಧ ಏಳುತ್ತಾರೆ, ಕೊನೆಗೆ ಗೋಲಿಬಾರ್ ಆಗುತ್ತದೆ. ಈ ಬೆಟ್ಟಗಳಲ್ಲೇ ನಡೆದದ್ದು ಎಂದರು. ಯಾವ ಊರಲ್ಲಿ ಎಂದು ನಾನು ಕೇಳಿದ್ದಕ್ಕೆ ಸಹಾಯಕ ನಿರ್ದೇಶಕಿ ನಿಶಾ, "ಒಂದೇ ಊರು ಅಂತಿಲ್ಲ ಸರ್, ಸುಮಾರು ಘಟನೆ ಸೇರಿಸಿ ಬರೆದಿದ್ದೀವಿ" ಎಂದಳು. ಒಳ್ಳೆಯ ಹುಡುಗಿ. ಕೂಲಿಯವರ ಕಷ್ಟದ ಬಗ್ಗೆ ಅವಳು ಓದಿಕೊಂಡಷ್ಟು ನಾನು ಓದಿಲ್ಲ.

ನನಗೆ ಕೊಟ್ಟ ಕೆಲಸ ಹೊಸ ಬಟ್ಟೆಯನ್ನು ಹಳೆಯದು ಮಾಡುವುದು. ಟೀಪುಡಿ, ಕಾಫಿ ಸಿಪ್ಪೆ ಎರಡನ್ನೂ ಹಂಡೆಗೆ ಹಾಕಿ ಕುದಿಸಿ, ಅದರಲ್ಲಿ ಸೀರೆ ಅಂಗಿಗಳನ್ನು ಅದ್ದಿ, ಮೊಣಕೈ ಬರುವ ಜಾಗವನ್ನು ಕಲ್ಲಿಗೆ ಉಜ್ಜಿ ಸವೆಸುತ್ತಿದ್ದೆ. ಜನರ ಗುಂಪಾಗಿ ನಟಿಸಲು ಅದೇ ಎಸ್ಟೇಟಿನ ಕೂಲಿಯವರನ್ನೇ ಕರೆದಿದ್ದರು. ಮೊದಲ ದಿನ ಸೀರೆ ಹಂಚುವಾಗ ಕಮಲಾಕ್ಷಿ ಎಂಬವಳು ತನ್ನ ಪಾಲಿನದನ್ನು ಬಿಡಿಸಿ ಬೆಳಕಿಗೆ ಹಿಡಿದಳು. ಹಣ್ಣು ಕೊಯ್ಯುವವಳು, ಗಂಡ ಇಲ್ಲ, ಅತ್ತೆಯ ಜೊತೆ, ಎಸ್ಟೇಟಿನವರು ಕೂಲಿಯವರಿಗೆಂದು ಸಾಲಾಗಿ ಕಟ್ಟಿಸಿದ ಲೈನ್ ಮನೆಯಲ್ಲಿ ಇರುವವಳು. ನನ್ನ ಅಂಗಡಿಗೆ ರವಿಕೆ ಹೊಲಿಸಲು ಬರುತ್ತಿದ್ದಳು.

"ಟೈಲರಣ್ಣ, ಇದು ಹೊಸಾ ಸೀರೆ ಅಲ್ವಾ?"

"ಹೌದು. ಹಳೇದು ಮಾಡಿದ್ದೀನಿ."

"ನಾನು ಉಟ್ಕೊಂಡು ಬಂದಿದ್ದೂ ಹಳೇದೇ. ಹಿಂಗೆ ಬೇಯಿಸಿ ಹಾಳ್ಮಾಡೋ ಬದ್ಲು ಹೊಸದನ್ನ ನಂಗೇ ಕೊಟ್ಟು ನಂದನ್ನ ತಗೊಂಡಿದ್ರೆ ಆಗ್ತಿರ್ಲಿಲ್ವಾ ಮಾರಾಯ್ರೇ?"

ಹೆಂಗಸರೆಲ್ಲ ನಕ್ಕರು. ನಿಶಾ ಕೂಡ ನಕ್ಕಳು, ಆಮೇಲೆ ಅವರ ಕಾಲುಗಳ ಕಡೆ ನೋಡಿದಳು. ಚಪ್ಪಲಿ ಮಾತ್ರ ಅವರವರದೇ ಇರಲಿ, ಅದಕ್ಕಿಂತ ಸವೆದದ್ದು ಮಾಡಲು ನಮ್ಮಿಂದಾಗದು ಎಂದಳು.

ದೊಡ್ಡ ದೃಶ್ಯವನ್ನು ಕಾಫಿ ಒಣಹಾಕುವ ಕಣದಲ್ಲಿ ಇಟ್ಟುಕೊಂಡಿದ್ದರು. ಮಾಲೀಕರ ಮನೆಯ ಜಗುಲಿಯ ಎದುರಿಗೇ ಇರುವ ಸಿಮೆಂಟಿನ ಕಣ. ಅರ್ಧ ಭಾಗದಲ್ಲಿ ನಿಜವಾಗಿ ಒಣಗುತ್ತಿದ್ದ, ಹಣ್ಣಿನ ಸಿಪ್ಪೆ ಸುಲಿದು ತೊಳೆದ ಪಾರ್ಚ್‌ಮೆಂಟ್ ಕಾಫಿ. ಉಳಿದರ್ಧದಲ್ಲಿ ಶೂಟಿಂಗಿಗೆಂದೇ ಹರಡಿದ, ನೀರಿನಲ್ಲಿ ತೇಲಿ ಬೇರೆಯಾದ ಜೊಳ್ಳು ಕಾಫಿ. ಕೂಲಿಯವರು ನುಗ್ಗಿ ಬಂದು ಅದನ್ನು ತುಳಿದು ಚೆಲ್ಲಾಡಬೇಕು. ಜಗುಲಿಯ ಮೇಲೆ ಮಾಲೀಕನ ವೇಷದ ನಟ, ದಪ್ಪ ಮೀಸೆ, ಕೈಯಲ್ಲಿ ಬೆತ್ತ. ಅವನ ಹಿಂದೆ, ಕ್ಯಾಮೆರಾಕ್ಕೆ ಕಾಣದ ಕಡೆ, ಬೆತ್ತದ ಕುರ್ಚಿಯಲ್ಲಿ ನಿಜವಾದ ಮಾಲೀಕರು. ಅವರಿಗೆ ಮೀಸೆ ಇಲ್ಲ. ಮೊಣಕೈ ಹರಿದ ಸ್ವೆಟರ್, ಕುತ್ತಿಗೆಗೆ ಮಫ್ಲರ್. ಎಲ್ಲರೂ ಅವರನ್ನು ಸಾವ್ಕಾರ್ರು ಎನ್ನುತ್ತಾರೆ.

ಆಕ್ಷನ್ ಎಂದರು. ಜನ ಕೂಗುತ್ತ ಓಡಿ ಬಂದರು. ಕಣದ ಅಂಚಿಗೆ ಬಂದವರೇ, ಓಡುತ್ತಿದ್ದ ವೇಗದಲ್ಲೇ, ಒಬ್ಬೊಬ್ಬರಾಗಿ ಚಪ್ಪಲಿ ಕಳಚಿ ಬಿಟ್ಟು ಬರಿಗಾಲಲ್ಲಿ ಒಳಗೆ ಬಂದರು.

"ಕಟ್! ಚಪ್ಪಲಿ ಎಲ್ರೀ? ಕಾಸ್ಟ್ಯೂಮ್ ಯಾರು ನೋಡ್ಕೊಳ್ತಿರೋದು?" ನಿರ್ದೇಶಕರು ನನ್ನ ಕಡೆ ತಿರುಗಿದರು.

"ಅಣ್ಣ ಎಂತದೂ ಮಾಡಿಲ್ಲ ಸಾರ್," ಎಂದಳು ಕಮಲಾಕ್ಷಿ. "ಕಣಕ್ಕೆ ಯಾರಾದ್ರೂ ಚಪ್ಪಲಿ ಹಾಕ್ಕೊಂಡು ಇಳೀತಾರಾ?"

"ಅಮ್ಮಾ, ನೀವೀಗ ಕೋಪದಲ್ಲಿದ್ದೀರಿ. ಆ ಕಾಫಿ ಹಾಳ್ಮಾಡೋಕೇ ಬಂದಿದ್ದೀರಿ."

"ಕೋಪ ಸಾವ್ಕಾರ್ರ ಮೇಲಲ್ವಾ ಸಾರ್? ಕಾಫಿ ಎಂತ ಮಾಡಿದೆ?"

ಮೇಸ್ತ್ರಿ ತಿಮ್ಮಪ್ಪ ನಡುವೆ ಬಂದ. ಎಸ್ಟೇಟಿನಲ್ಲಿ ಕೂಲಿಯವರ ಕೆಲಸ ನೋಡಿಕೊಳ್ಳುವವನು ಅವನೇ, ಗುಂಪಿನ ಮುಂದಾಳಿನ ವೇಷ ಸಿಕ್ಕಿದ್ದೂ ಅವನಿಗೇ. "ಅದು ಜೊಳ್ಳು ಮಾರಾಯ್ತಿ, ತುಳೀರಿ ಸುಮ್ನೆ" ಎಂದು ಎಲ್ಲರಿಗೂ ಗದರಿಸಿದ. ಎರಡನೇ ಸಲ ಓಡಿ ಬಂದಾಗ ಕಣದಂಚಿನಲ್ಲಿ ಮೊದಲು ಚಪ್ಪಲಿ ಬಿಟ್ಟವನು ತಿಮ್ಮಪ್ಪನೇ. ಬೇಕೆಂದು ಮಾಡಿದ್ದಲ್ಲ, ಕಾಲಿಗೆ ಗೊತ್ತಿದ್ದದ್ದು ಅಷ್ಟೇ. ನಿರ್ದೇಶಕರು ತಲೆ ಮೇಲೆ ಕೈಯಿಟ್ಟು, ಹೋಗಲಿ ಬಿಡಿ, ಬರಿಗಾಲಲ್ಲೇ ಮಾಡಿ ಎಂದರು.

ಘೋಷಣೆಯೂ ಸರಿಬರಲಿಲ್ಲ. ತಿಮ್ಮಪ್ಪ "ಸಾವ್ಕಾರ್ರಿಗೆ ಧಿಕ್ಕಾರ" ಎಂದು ಕೂಗಿ, ನಟನ ಭುಜದ ಮೇಲಿಂದ ಹಿಂದಿನ ಕುರ್ಚಿಯನ್ನು ನೋಡಿ, "ಬೇಜಾರ್ ಮಾಡ್ಕೋಬೇಡಿ ಸಾರ್" ಎಂದ. ಸಾವ್ಕಾರರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಕೂಗೋ ತಿಮ್ಮಪ್ಪ, ಜೋರಾಗಿ ಕೂಗು. ಇದು ಆಟ ಅಲ್ವನಾ?"

ಕಮಲಾಕ್ಷಿಗೆ ಒಂದು ಮಾತು ಬರೆದುಕೊಟ್ಟಿದ್ದರು. ನಮ್ಮ ಬೆವರಿನ ಮೇಲೆ ನಿನ್ನ ಸಾಮ್ರಾಜ್ಯ, ಅಂಥದ್ದೇನೋ. ಎಷ್ಟು ಹೇಳಿಕೊಟ್ಟರೂ ಅವಳ ಬಾಯಲ್ಲಿ ಅದು ಶಾಲೆಯ ಪದ್ಯದ ಹಾಗೆ ಬರುತ್ತಿತ್ತು. ಕೊನೆಗೆ ನಿರ್ದೇಶಕರು ಅವಳ ಹತ್ತಿರ ಹೋಗಿ ಮೆತ್ತಗೆ ಹೇಳಿದರು, "ಬರೆದಿದ್ದು ಬಿಟ್ಬಿಡಿ. ನಿಮಗೆ ಏನು ಕೇಳಬೇಕು ಅನ್ಸುತ್ತೋ ಅದನ್ನೇ ಕೇಳಿ."

ಕ್ಯಾಮೆರಾ ಓಡುತ್ತಿತ್ತು. ಅವಳು ಶುರುಮಾಡಿದಳು. ದನಿ ಏರಿಸಲಿಲ್ಲ.

"ಮಳೆಗಾಲಕ್ಕೆ ಮುಂಚೇನೇ ಹೇಳಿದ್ವಿ. ಲೈನಿನ ಹಿಂದಿನ ಗೋಡೆ ಹೊಟ್ಟೆ ಬಿಟ್ಟಿದೆ, ಕೈ ಇಟ್ರೆ ಅಲ್ಲಾಡ್ತದೆ ಅಂತ. ಕುಯ್ಲು ಮುಗೀಲಿ ಅಂದ್ರಿ. ಕುಯ್ಲು ಮುಗೀತು. ಗೊಬ್ಬರ ಹಾಕಿ ಆಗ್ಲಿ ಅಂದ್ರಿ. ಅದೂ ಆಯ್ತು. ಮತ್ತೆ ಕುಯ್ಲು ಮುಗೀಲಿ ಅಂದ್ರಿ. ಅಷ್ಟರಲ್ಲಿ ಬಿತ್ತು. ಅತ್ತೆ ಮಲಗಿದ್ದ ಕಡೇನೇ ಬಿತ್ತು. ಕಾಲು ಹೋಯ್ತು ಅವರ್ದು. ಇವತ್ತಿಗೂ ಅಲ್ಲಿ ಟಾರ್ಪಾಲು ಕಟ್ಕೊಂಡಿದ್ದೀವಿ. ಯಾವ ಕುಯ್ಲು ಸಾವ್ಕಾರ್ರೇ? ಹೇಳಿ. ಯಾವ ಕುಯ್ಲು ಮುಗೀಬೇಕು?"

ಅವಳು ನಟನನ್ನು ನೋಡುತ್ತಿರಲಿಲ್ಲ. ನಾನು ಕಣದ ಪಕ್ಕದಲ್ಲಿದ್ದೆ, ಅವಳ ಕಣ್ಣು ಎಲ್ಲಿತ್ತೆಂದು ನನಗೆ ಕಾಣುತ್ತಿತ್ತು. ಕಟ್ ಎನ್ನಲು ನಿರ್ದೇಶಕರಿಗೆ ಮರೆತೇಹೋಯಿತು. ಆಮೇಲೆ ಎಲ್ಲರೂ ಚಪ್ಪಾಳೆ ತಟ್ಟಿದರು, ನಿಶಾ ಕಣ್ಣೊರೆಸಿಕೊಂಡಳು. ಸಾವ್ಕಾರರೂ ಚಪ್ಪಾಳೆ ತಟ್ಟಿದರು. ಎಲ್ಲರದ್ದೂ ನಿಂತ ಮೇಲೆ ತಟ್ಟಿದರು.

ಆಗಲೇ ಮೋಡ ಇಳಿದದ್ದು. ಕೊಯ್ಲಿನ ಕಾಲದ ಮಳೆಗೆ ಇಲ್ಲಿ ಹೆದರುವಷ್ಟು ಆಷಾಢದ ಮಳೆಗೆ ಹೆದರುವುದಿಲ್ಲ. ಮೊದಲ ಹನಿ ಬೀಳುತ್ತಲೇ ಕಮಲಾಕ್ಷಿ, ತಿಮ್ಮಪ್ಪ, ದಂಗೆ ಎದ್ದವರೆಲ್ಲರೂ ನಾನು ಬೇಯಿಸಿಕೊಟ್ಟ ಬಟ್ಟೆಯಲ್ಲೇ ಪಾರ್ಚ್‌ಮೆಂಟಿನ ಕಡೆ ಓಡಿದರು. ಎಳೆದು ಗುಡ್ಡೆ ಮಾಡಿ, ಟಾರ್ಪಾಲು ಹೊದಿಸಿ, ಅಂಚಿಗೆ ಕಲ್ಲಿಟ್ಟರು. ಸಾವ್ಕಾರರೂ ಮಫ್ಲರ್ ತಲೆಗೆ ಸುತ್ತಿಕೊಂಡು ಬರಿಗಾಲಲ್ಲಿ ಇಳಿದು ಒಂದು ತುದಿ ಹಿಡಿದರು. ಮೀಸೆಯ ನಟ ಕೊಡೆಯ ಕೆಳಗೆ ನಿಂತು ನೋಡುತ್ತಿದ್ದ. ಕಣದ ಅಂಚಿನಲ್ಲಿ ಚಪ್ಪಲಿಗಳು ಬಿಟ್ಟಲ್ಲೇ ಇದ್ದವು. ಕೆಲವು ಮಗುಚಿದ್ದವು, ಕೆಲವುಗಳಲ್ಲಿ ನೀರು ತುಂಬಿತ್ತು. ಕ್ಯಾಮೆರಾದವನು ಕ್ಯಾಮೆರಾಕ್ಕೆ ಪ್ಲಾಸ್ಟಿಕ್ ಹೊದಿಸಿ, ನೆಲಕ್ಕೆ ಕೂತು, ಅವುಗಳನ್ನೇ ತುಂಬ ಹೊತ್ತು ತೆಗೆದ.

ಮಳೆಗಾಲದಲ್ಲಿ ಸೀರೀಸು ಬಂತು. ಕರೆಂಟಿಲ್ಲದ ಒಂದು ಮಧ್ಯಾಹ್ನ ಕಮಲಾಕ್ಷಿ ಅಂಗಡಿಗೆ ಬಂದಿದ್ದಳು. ಮೆಷಿನ್ ನಿಲ್ಲಿಸಿ ನನ್ನ ಫೋನಿನಲ್ಲೇ ಕೊನೆಯ ಕಂತು ಹಾಕಿದೆ. ಗೋಲಿಬಾರನ್ನು ಬೇರೆಲ್ಲೋ, ಬೇರೆಯವರನ್ನಿಟ್ಟುಕೊಂಡು ಮಾಡಿದ್ದರು. ಸದ್ದು, ಹೊಗೆ, ಕಿರುಚಾಟ. ಆಮೇಲೆ ಎಲ್ಲವೂ ನಿಶ್ಶಬ್ದವಾಗಿ, ಮಳೆಯಲ್ಲಿ ನೆನೆಯುತ್ತಿರುವ ಚಪ್ಪಲಿಗಳ ಸಾಲು ಬಂತು. ಸತ್ತವರ ಚಪ್ಪಲಿಗಳು. ಹೆಣ ಒಂದನ್ನೂ ತೋರಿಸಲಿಲ್ಲ.

ಕಮಲಾಕ್ಷಿ ಫೋನನ್ನು ಮೂಗಿನ ಹತ್ತಿರ ಹಿಡಿದುಕೊಂಡಳು. "ಅಯ್ಯೋ, ಇದು ನಂದು! ನೋಡಿ ಅಣ್ಣ, ಪಟ್ಟಿಗೆ ನೀಲಿ ದಾರ. ನೀವೇ ಹೊಲಿದುಕೊಟ್ಟಿದ್ದು." ಆಮೇಲೆ ತನ್ನ ಕಾಲನ್ನು ನೋಡಿಕೊಂಡಳು. ಅದೇ ಚಪ್ಪಲಿ ಹಾಕಿಕೊಂಡಿದ್ದಳು. "ಹಂಗಾದ್ರೆ ನಾನು ಸತ್ತೋದ್ನಾ?"

ಇಬ್ಬರೂ ನಕ್ಕೆವು. ದೃಶ್ಯ ಚೆನ್ನಾಗಿತ್ತು, ಸುಳ್ಳು ಹೇಳಲಾರೆ. ಆ ಚಪ್ಪಲಿಗಳನ್ನು ಯಾಕೆ ಬಿಟ್ಟಿದ್ದರೆಂದು ಗೊತ್ತಿದ್ದೂ ನಾನು ಅದನ್ನು ಹಿಂದಕ್ಕೆ ಹಾಕಿ ಇನ್ನೊಮ್ಮೆ ನೋಡಿದೆ.

ಅಲ್ಲಿಗೇ ನಿಂತಿದ್ದರೆ ಇಷ್ಟು ಬರೆಯುವ ಅಗತ್ಯ ಇರುತ್ತಿರಲಿಲ್ಲ. ಯಾರೋ ಕಮಲಾಕ್ಷಿಯ ಮಾತಿನ ಭಾಗವನ್ನಷ್ಟೇ ಕತ್ತರಿಸಿ, ಮೀಸೆಯ ನಟ ಕಾಣದ ಹಾಗೆ ಮಾಡಿ ವಾಟ್ಸಾಪಿನಲ್ಲಿ ಬಿಟ್ಟರು. ಒಂದು ಗುಂಪಿನಲ್ಲಿ ಅದರ ಮೇಲೆ, ಕಾಫಿ ನಾಡಿನಲ್ಲಿ ಕೂಲಿಗಳ ದಂಗೆ, ಹೊರಗಿನವರ ಕುಮ್ಮಕ್ಕು ಎಂದಿತ್ತು. ಇನ್ನೊಂದು ಗುಂಪಿನಲ್ಲಿ ಅದೇ ತುಣುಕಿನ ಮೇಲೆ, ಎಚ್ಚೆತ್ತ ಶ್ರಮಿಕ ಮಹಿಳೆಗೆ ನಮನ ಎಂದಿತ್ತು. ಒಬ್ಬರಿಗೆ ಅವಳನ್ನು ಒಳಗೆ ಹಾಕಬೇಕಿತ್ತು, ಇನ್ನೊಬ್ಬರಿಗೆ ಅವಳಿಗೆ ಶಾಲು ಹೊದಿಸಬೇಕಿತ್ತು. ಆ ಗೋಡೆ ಯಾವ ಲೈನಿನದು, ಈಗ ಹೇಗಿದೆ ಎಂದು ಎರಡೂ ಕಡೆಯವರಲ್ಲಿ ಯಾರೂ ಕೇಳಿದ್ದನ್ನು ನಾನು ಕಾಣೆ. ನನ್ನ ಅಂಗಡಿಯಲ್ಲಿ ಪ್ಯಾಂಟು ಸಣ್ಣ ಮಾಡಿಸಲು ಬಂದ ಒಬ್ಬರು ನನಗೇ ಅದನ್ನು ತೋರಿಸಿದರು. "ಇದು ಸೀರೀಸಿಂದು, ನಾನು ಅಲ್ಲೇ ಇದ್ದೆ" ಎಂದೆ. "ಹೌದಾ? ಆದ್ರೂ ನೋಡಿ, ಆ ಹೆಂಗಸು ಆಕ್ಟಿಂಗ್ ಮಾಡಿದ ಹಾಗೆ ಇಲ್ಲ" ಎಂದರು. ನಾನು ಅವರ ಪ್ಯಾಂಟಿನ ಅಳತೆ ಬರೆದುಕೊಂಡೆ.

ಒಂದು ಬೆಳಿಗ್ಗೆ ಕಮಲಾಕ್ಷಿ ಬಂದು ಸ್ಟೂಲಿನ ಮೇಲೆ ಕೂತಳು. "ಕೆಲ್ಸಕ್ಕೆ ಬರ್ಬೇಡ ಅಂದ್ರು ಅಣ್ಣ. ಬಿಸಿ ಆರ್ಲಿ ಅಂತ ತಿಮ್ಮಪ್ಪಣ್ಣನ ಹತ್ರ ಹೇಳಿ ಕಳ್ಸಿದ್ರು. ಆಚೆ ಎಸ್ಟೇಟಿಗೆ ಹೋದ್ರೆ ಅಲ್ಲಿನ ಮೇಸ್ತ್ರಿ ಫೋನ್ ತೆಗ್ದು, ಇದು ನೀನೇ ಅಲ್ವಾ ಅಂತಾನೆ."

"ಸೀರೀಸು ಅಂತ ಹೇಳ್ಲಿಲ್ವಾ?"

"ಹೇಳ್ದೆ. ಸೀರೀಸಲ್ಲಿ ಇಷ್ಟು ಮಾತಾಡೋಳು ನಿಜದಲ್ಲಿ ಎಷ್ಟು ಮಾತಾಡ್ತೀಯ ಅಂದ." ಸೆರಗಿನಿಂದ ಮುಖ ಒರೆಸಿಕೊಂಡಳು. "ಲೈನ್ ಮನೆ ಕೆಲ್ಸ ಇದ್ರೆ ತಾನೇ? ಅತ್ತೇನ ಎತ್ಕೊಂಡು ಎಲ್ಲಿಗೆ ಹೋಗ್ಲಿ?"

ನಾನು ನಿಶಾಗೆ ಫೋನು ಮಾಡಿದೆ. ಅವಳು ಬೇರೆ ಯಾವುದೋ ಶೂಟಿಂಗಿನಲ್ಲಿದ್ದಳು. ಕಂಪನಿಯಿಂದ ಒಂದು ಸ್ಪಷ್ಟನೆ ಹಾಕಿಸುತ್ತೇನೆ ಎಂದಳು. ಎರಡು ದಿನ ಬಿಟ್ಟು ಅವಳೇ ಫೋನು ಮಾಡಿದಳು. ಆ ತುಣುಕು ಓಡಾಡಿದಷ್ಟೂ ಸೀರೀಸಿಗೆ ಒಳ್ಳೆಯದು, ಮುಟ್ಟುವುದು ಬೇಡ ಎಂದು ಮೇಲಿನವರು ಹೇಳಿದರಂತೆ. ಅದನ್ನು ಹೇಳುವಾಗ ಅತ್ತಳು. ಅವಳ ಅಳು ಸುಳ್ಳಲ್ಲ. ಆದರೆ ಅದರಿಂದ ಲೈನ್ ಮನೆ ಉಳಿಯುವಂತಿರಲಿಲ್ಲ.

ಕೆಲವು ದಿನಗಳಲ್ಲಿ ಸಾವ್ಕಾರರೇ ನನ್ನನ್ನು ಕರೆಸಿದರು. ಶೂಟಿಂಗಿನ ಸೀರೆ ನನ್ನ ಹತ್ತಿರ ಉಳಿದಿದ್ದರೆ ತರಬೇಕು, ಅದು ನಾಟಕ ಎಂದು ನಾಲ್ಕು ಜನಕ್ಕೆ ತೋರಿಸಬೇಕು ಎಂದರು. ನನ್ನ ಹತ್ತಿರ ಒಂದೂ ಉಳಿದಿರಲಿಲ್ಲ, ಆದರೂ ಹೋದೆ. ಅದೇ ಜಗುಲಿಯ ಪಕ್ಕದ ಆಫೀಸು ಕೋಣೆ. ಹೊರಗೆ ಕಣದ ಆಚೆಯ ಗಿಡಗಳು ಕಾಣದಂಥ ಮಳೆ. ಸಾವ್ಕಾರರು ದಣಿದಿದ್ದರು. ಮಂಗಳೂರಿನ ನೆಂಟರು, ಬೆಂಗಳೂರಿನ ನೆಂಟರು, ಪೊಲೀಸಿನವರು ಎಲ್ಲರೂ ಫೋನು ಮಾಡಿ ನಿಮ್ಮ ತೋಟದಲ್ಲಿ ಏನು ನಡೀತಿದೆ ಎಂದು ಕೇಳುತ್ತಿದ್ದರಂತೆ. ಕಮಲಾಕ್ಷಿ ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟು ಬಾಗಿಲಲ್ಲಿ ನಿಂತಿದ್ದಳು.

"ನಂಗೆ ನಿನ್ ಮೇಲೆ ಕೋಪ ಇಲ್ಲ ಕಮಲಾಕ್ಷಿ," ಎಂದರು. "ಫೋನ್ ಮುಂದೆ ನಿಂತು ಅದು ಆಕ್ಟಿಂಗ್ ಅಂತ ಹೇಳು. ನಮ್ಮಲ್ಲಿ ಎಂತ ತೊಂದ್ರೆನೂ ಇಲ್ಲ ಅನ್ನು. ನಾಳೆಯಿಂದ ಕೆಲ್ಸಕ್ಕೆ ಬಾ."

"ಎಲ್ಲಾನೂ ಆಕ್ಟಿಂಗ್ ಅನ್ಬೇಕಾ ಸಾರ್?"

"ಎಲ್ಲಾನೂ."

ಅವಳು ನನ್ನ ಕಡೆ ನೋಡಿದಳು. ಆ ಮಾತನ್ನು ಅವಳಿಂದ ಹೇಳಿಸದೆ ಮುಗಿಸಲು ಆಗುತ್ತದೇನೋ ಎಂದು ನಾನು ನಡುವೆ ಬಾಯಿ ಹಾಕಿದೆ. "ಸಾರ್, ಅವಳು ಹೇಳೋದೇ ಬೇಡ. ಆ ವಿಡಿಯೋದಲ್ಲೇ ಇದೆಯಲ್ಲ. ಎಲ್ರೂ ಬರಿಗಾಲಲ್ಲಿದ್ದಾರೆ. ನಿಜವಾಗಿ ದಂಗೆ ಮಾಡೋಕೆ ಬಂದೋರು ಚಪ್ಪಲಿ ಸಾಲಾಗಿ ಬಿಟ್ಟು ಬರ್ತಾರಾ? ಅದನ್ನೇ ತೋರಿಸಿದ್ರೆ ಸಾಕು."

ಸಾವ್ಕಾರರ ಮುಖ ಅರಳಿತು. "ಹೌದಲ್ಲ ಮಾರಾಯ!" ಎಂದರು.

"ಇಲ್ಲ ಅಣ್ಣ," ಎಂದಳು ಕಮಲಾಕ್ಷಿ. "ನಿಜವಾಗಿ ಬಂದಿದ್ರೂ ಬಿಟ್ಟೇ ಬರ್ತಿದ್ವಿ. ಕಾಫಿ ಅಲ್ವಾ?"

ಹಾಗೆ ಹೇಳಿ ಅವಳಿಗೆ ಏನೂ ಸಿಗುವುದಿರಲಿಲ್ಲ, ಕಳೆದುಕೊಳ್ಳುವುದೇ ಇತ್ತು. ಯಾಕೆ ಹೇಳಿದಳೆಂದು ನಾನು ಈಗಲೂ ಯೋಚಿಸುತ್ತೇನೆ. ಸಾವ್ಕಾರರು ಕಿಟಕಿಯಿಂದಾಚೆ ಕಣದ ಕಡೆ ನೋಡುತ್ತ ಕೂತರು. ಕಣ ಖಾಲಿಯಿತ್ತು, ಪಾಚಿ ಕಟ್ಟಿತ್ತು. ಆಮೇಲೆ, "ತಿಮ್ಮಪ್ಪ, ಫೋನ್ ಹಿಡಿ" ಎಂದರು.

ತಿಮ್ಮಪ್ಪ ಫೋನು ಹಿಡಿದು, ಶೂಟಿಂಗಿನಲ್ಲಿ ಕೇಳಿದ್ದ ಅಭ್ಯಾಸಕ್ಕೆ "ಆಕ್ಷನ್" ಎಂದುಬಿಟ್ಟ. ಯಾರೂ ನಗಲಿಲ್ಲ. ಮೊದಲ ಸಲ ಅವಳು "ಅದು ಆಕ್ಟಿಂಗು" ಎಂದಷ್ಟೇ ಹೇಳಿ ನಿಂತಳು. ಎರಡನೆಯ ಸಲ, ನಮ್ಮಲ್ಲಿ ತೊಂದರೆ ಇಲ್ಲ ಎನ್ನುವಲ್ಲಿ ಕೆಮ್ಮು ಬಂತು. ಮೂರನೆಯ ಸಲ ಸೆರಗು ಸರಿಮಾಡಿಕೊಂಡು, ಫೋನನ್ನು ನೆಟ್ಟಗೆ ನೋಡಿ, ಎಲ್ಲೂ ತಡವರಿಸದೆ ಹೇಳಿದಳು. "ಅದೆಲ್ಲ ಸೀರೀಸಿಗೆ ಅಂತ ಮಾಡಿದ ನಾಟಕ. ನಮ್ಮ ಎಸ್ಟೇಟಲ್ಲಿ ನಮಗೆ ಯಾವ ತೊಂದರೆನೂ ಇಲ್ಲ. ಸಾವ್ಕಾರ್ರು ನಮ್ಮನ್ನ ಮನೆಯೋರ ಹಾಗೆ ನೋಡ್ಕೊಳ್ತಾರೆ."

ಶೂಟಿಂಗಿನ ದಿನ ಬರೆದುಕೊಟ್ಟ ಒಂದೇ ಒಂದು ವಾಕ್ಯ ಅವಳ ನಾಲಗೆಗೆ ಹತ್ತಿರಲಿಲ್ಲ. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ.

ಮೆಟ್ಟಿಲಿಳಿದು, ಮಳೆ ನೀರು ತುಂಬಿದ್ದ ಚಪ್ಪಲಿಯನ್ನು ಬಗ್ಗಿಸಿ ನೀರು ಚೆಲ್ಲಿ, ಕಾಲಿಗೆ ಹಾಕಿಕೊಂಡು ನನ್ನನ್ನು ಕೇಳಿದಳು, "ಚೆನ್ನಾಗಿ ಮಾಡಿದ್ನಾ ಅಣ್ಣ?"

ನಾನು ಹೌದು ಎಂದೆ. ಮರುದಿನದಿಂದ ಅವಳಿಗೆ ಕೆಲಸ ಸಿಕ್ಕಿತು, ಲೈನ್ ಮನೆಯೂ ಉಳಿಯಿತು. ಆ ಮಳೆಗಾಲದ ನಂತರ ಎಸ್ಟೇಟಿನ ಹೊಲಿಗೆಯನ್ನು ನಾನು ಏನಾದರೊಂದು ನೆಪ ಹೇಳಿ ತಪ್ಪಿಸುತ್ತ ಬಂದೆ. ಸಂಜೆ ಹೊತ್ತು ಮನೆಯಲ್ಲಿ ಯಾವುದಾದರೂ ಸೀರೀಸು ಹಾಕಿದರೆ, ಗುಂಪಿನ ದೃಶ್ಯ ಬಂದಾಗ, ಮುಂದಿನ ನಟರನ್ನು ಬಿಟ್ಟು ಹಿಂದಿನವರ ಮುಖವನ್ನೇ ನೋಡುತ್ತೇನೆ. ಕಥೆ ತಪ್ಪಿಹೋಗುತ್ತದೆ. ಹೆಂಡತಿ ಬೈಯುತ್ತಾಳೆ.

ಮೊನ್ನೆ ಗೇಟು ದಾಟಿ ಒಳಗೆ ಹೋದಾಗ ಅಳತೆಗೆ ಮೊದಲು ಬಂದವಳು ಕಮಲಾಕ್ಷಿಯೇ. ಕೂದಲು ಬೆಳ್ಳಗಾಗಿದೆ. ಈಗ ತೋಟದ ಕೆಲಸ ಅರ್ಧ, ಹೋಂಸ್ಟೇ ಕೆಲಸ ಅರ್ಧವಂತೆ. ಸೀರೀಸು ನೋಡಿದವರು ದೂರದಿಂದ ಬರುತ್ತಾರೆ. ಕಣದ ಅಂಚಿನಲ್ಲಿ ತಮ್ಮ ಚಪ್ಪಲಿ, ಶೂಗಳನ್ನು ಸಾಲಾಗಿ ಜೋಡಿಸಿ ಫೋಟೋ ತೆಗೆದುಕೊಂಡು, ಮತ್ತೆ ಹಾಕಿಕೊಳ್ಳುತ್ತಾರೆ.

"ಆಮೇಲೆ ನನ್ನ ಕರೀತಾರೆ," ಎಂದಳು, ತೋಳಿನ ಅಳತೆಗೆ ಕೈ ಚಾಚಿಕೊಂಡು. "ಆ ಡೈಲಾಗ್ ಹೇಳಿ ಅಂತಾರೆ. ಸಾವ್ಕಾರ್ರೇ ಹೇಳಿಸ್ತಾರೆ, ಪ್ರತಿ ವಾರ. ಅವರೂ ಜಗುಲಿ ಮೇಲೆ ಕೂತ್ಕೊಳ್ತಾರೆ."

"ನೀನು ಹೇಳ್ತೀಯಾ?"

"ಹೇಳ್ತೀನಿ. ಪೂರ್ತಿ ಹೇಳ್ತೀನಿ. ಗೋಡೆ, ಅತ್ತೆ, ಎಲ್ಲಾನೂ. ಒಂದು ಮಾತೂ ಬಿಡಲ್ಲ."

"ಗೋಡೆ ಎಂತಾಯ್ತು?"

ಅವಳು ನನ್ನ ಮುಖ ನೋಡಿದಳು. ತಮಾಷೆ ಮಾಡುತ್ತಿದ್ದಾಳೋ ಇಲ್ಲವೋ ನನಗೆ ತಿಳಿಯಲಿಲ್ಲ.

"ಈ ಕುಯ್ಲು ಮುಗೀಲಿ ಅಂದಿದ್ದಾರೆ."

ಜಗುಲಿಯಿಂದ ತಿಮ್ಮಪ್ಪ ಕೂಗಿದ, "ಕಮಲಾಕ್ಷೀ, ಗೆಸ್ಟ್ ಬಂದ್ರು." ಟೇಪು ಇನ್ನೂ ಅವಳ ಭುಜದ ಮೇಲಿತ್ತು. ಅದನ್ನು ತೆಗೆದು ನನ್ನ ಕೈಗೆ ಕೊಟ್ಟು ಹೊರಟಳು. ಕಣದ ಅರ್ಧಕ್ಕೆ ಪಾರ್ಚ್‌ಮೆಂಟ್ ಹರಡಿತ್ತು. ಅಂಚಿಗೆ ಬಂದಾಗ ಅವಳು ಚಪ್ಪಲಿ ಬಿಟ್ಟಳು. ಬಂದವರು ಶೂ ಹಾಕಿಕೊಂಡೇ ಕಣದ ನಡುವೆ ನಿಂತು, ಫೋನುಗಳನ್ನು ಮೇಲೆತ್ತಿ ಹಿಡಿದಿದ್ದರು.